ಒಂದೇ ಶಿಖರ ಉಳಿದ ಗ್ರಾಫ್

ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ನನ್ನ ಪಾಲಿಗೆ ಬಂದದ್ದು ಬ್ರೆಡ್ ಉಬ್ಬಿಸುವ ಯೀಸ್ಟ್. ಒಂದು ಫ್ಲಾಸ್ಕಿಗೆ ಗ್ಲೂಕೋಸ್ ಕೊಟ್ಟಿದ್ದೆ. ಇನ್ನೊಂದನ್ನು 10 ನಿಮಿಷ ಹಸಿದಿರಲು ಬಿಟ್ಟಿದ್ದೆ. ಆಮೇಲೆ ಎರಡಕ್ಕೂ ಸೈಕ್ಲೋಹೆಕ್ಸಿಮೈಡ್ ಹಾಕಿದೆ. ಅದು ಬಿದ್ದರೆ ಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರಗಳಾದ ರೈಬೋಸೋಮ್‌ಗಳು ಇದ್ದಲ್ಲೇ ನಿಂತುಬಿಡುತ್ತವೆ.

ಕೋಶಗಳನ್ನು ಒಡೆದು, ಆ ರಸವನ್ನು ಸಕ್ಕರೆ ದ್ರಾವಣದ ಮೇಲೆ ಬಿಡಬೇಕು. ಟ್ಯೂಬಿನ ಮೇಲ್ಭಾಗದಲ್ಲಿ 10%, ತಳದಲ್ಲಿ 50% ಸಕ್ಕರೆ. ಕೈ ಸ್ವಲ್ಪ ನಡುಗಿದರೂ ಪದರ ಕಲಸಿಹೋಗುತ್ತದೆ. ಉಸಿರು ಬಿಗಿಹಿಡಿದು ಪಿಪೆಟ್ ಒತ್ತಿದೆ. ಸೆಂಟ್ರಿಫ್ಯೂಜ್ ತಿರುಗಿ ನಿಲ್ಲುವಷ್ಟರಲ್ಲಿ ಸಂಜೆಯಾಗಿತ್ತು.

ಭಾರವಾದದ್ದು ತಳದತ್ತ ಇಳಿದಿರುತ್ತದೆ; ಟ್ಯೂಬಿನಲ್ಲಿ ಮೇಲಿಂದ ಕೆಳಗೆ ಎಲ್ಲಿ ಎಷ್ಟು ಇದೆ ಅಂತ ಗ್ರಾಫ್ ತೋರಿಸುತ್ತದೆ. ಗ್ಲೂಕೋಸ್ ಕೊಟ್ಟ ಮೊದಲ ಫ್ಲಾಸ್ಕಿನ ಗ್ರಾಫ್ ಬೆಟ್ಟದ ಸಾಲಿನ ಹಾಗೆ ಬಂತು. ಪ್ರೋಟೀನಿನ ನಕ್ಷೆ ಹೊತ್ತ ಒಂದೇ ಎಂಆರ್‌ಎನ್‌ಎ ಎಳೆಯ ಮೇಲೆ ಎರಡು, ಮೂರು, ನಾಲ್ಕು ರೈಬೋಸೋಮ್ ಕೂತು ಪ್ರೋಟೀನ್ ಹೆಣೆಯುತ್ತಿದ್ದವು ಅಂತ ಅರ್ಥ. ಎರಡನೆಯದರಲ್ಲಿ ಆ ಸಾಲೇ ಇಲ್ಲ. 80ಎಸ್ ಅನ್ನುವ, ಅಂದರೆ ಒಂಟಿ ರೈಬೋಸೋಮ್‌ಗಳ, ಎತ್ತರದ ಶಿಖರ ಒಂದೇ; ಅದರಾಚೆ ಬಯಲು.

ಸ್ಯಾಂಪಲ್ ಕೆಟ್ಟಿದೆ ಅಂದುಕೊಂಡೆ. ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್ ಕಿಣ್ವ ಸೇರಿ ಎಳೆ ತುಂಡಾದರೂ ಗ್ರಾಫ್ ಹೀಗೇ ಕಾಣುತ್ತದೆ, ಅಲ್ವಾ? ಅಳು ಬಂದಿತ್ತು. ಲ್ಯಾಬಿನ ಸೀನಿಯರ್ ಅಕ್ಕ ಗ್ರಾಫ್ ನೋಡಿ, "ನಾಳೆ ಗ್ಲೂಕೋಸ್ ವಾಪಸ್ ಕೊಟ್ಟು ನೋಡು" ಅಂದರು.

ಮಾರನೆಯ ದಿನ ಹಸಿದ ಯೀಸ್ಟಿಗೆ ಗ್ಲೂಕೋಸ್ ಹಾಕಿ 5 ನಿಮಿಷ ಕಾದೆ. ಅದೇ ಬಫರ್, ಅದೇ ಕೈ. ಬೆಟ್ಟದ ಸಾಲು ಮರಳಿ ಬಂದಿತ್ತು! ಏನೂ ಕೆಟ್ಟಿರಲಿಲ್ಲ. ಒಂದೊಂದು ಅಮೈನೋ ಆಮ್ಲ ಜೋಡಿಸಲೂ ಕೋಶದ ಇಂಧನವಾದ ಎಟಿಪಿಯ ನಾಲ್ಕು ಅಣುಗಳಷ್ಟು ಶಕ್ತಿ ಬೇಕು. ಗ್ಲೂಕೋಸ್ ಹೋದ ಕೂಡಲೇ ಕೋಶ ಹೊಸ ರೈಬೋಸೋಮ್‌ಗಳನ್ನು ಎಳೆಗೆ ಹತ್ತಲು ಬಿಟ್ಟಿರಲಿಲ್ಲ. ಮೊದಲೇ ಹತ್ತಿದವು ಕೆಲಸ ಮುಗಿಸಿ ಇಳಿದಿದ್ದವು, ಅಷ್ಟೇ.

ಆ ರಾತ್ರಿ ಓದುತ್ತಲೇ ಕೂತೆ. ತಡೆಯುವ ದಾರಿ ಒಂದೇ ಅಲ್ಲ. ಅಮೈನೋ ಆಮ್ಲ ಕಮ್ಮಿಯಾದರೆ ಜಿಸಿಎನ್2, ವೈರಸ್ ನುಗ್ಗಿದರೆ ಪಿಕೆಆರ್ ಅನ್ನುವ ಕಿಣ್ವ ಎಚ್ಚರವಾಗುತ್ತದೆ. ಎರಡೂ, ಪ್ರೋಟೀನ್ ತಯಾರಿ ಶುರುಮಾಡಿಸುವ ಇಐಎಫ್2 ಅನ್ನುವ ಪ್ರೋಟೀನಿಗೆ ಒಂದು ಫಾಸ್ಫೇಟ್ ಅಂಟಿಸುತ್ತವೆ. ಅಷ್ಟಕ್ಕೇ ಹೊಸ ಪ್ರೋಟೀನಿನ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಕೆಂಪು ರಕ್ತಕಣಗಳು ಬೆಳೆಯುವಾಗ ಇದೇ ಕೆಲಸಕ್ಕೆ ಎಚ್‌ಆರ್‌ಐ ಅನ್ನುವ ಕಿಣ್ವ ಇದೆ. ಕಬ್ಬಿಣ ಸಾಲದೆ ಹಿಮೋಗ್ಲೋಬಿನ್ನಿನ ಕಬ್ಬಿಣದ ಭಾಗವಾದ ಹೀಮ್ ಕಮ್ಮಿಯಾದರೆ, ಅದು ಅದರ ಪ್ರೋಟೀನ್ ಭಾಗವಾದ ಗ್ಲೋಬಿನ್ ತಯಾರಿಗೆ ತಡೆ ಹಾಕುತ್ತದೆ. ಹೀಮ್ ಇಲ್ಲದೆ ಗ್ಲೋಬಿನ್ ಮಾತ್ರ ರಾಶಿ ಬಿದ್ದರೆ ಕಣಕ್ಕೇ ಅಪಾಯ.

ಆ ವರ್ಷ ಅಮ್ಮನಿಗೆ ರಕ್ತ ಕಮ್ಮಿ ಇತ್ತು. ಪುಸ್ತಕ ಮುಚ್ಚಿ ಫೋನ್ ಮಾಡಿದೆ. ಹನ್ನೊಂದು ಗಂಟೆಯಾಗಿತ್ತು. "ಕಬ್ಬಿಣದ ಮಾತ್ರೆ ತಗೊಂಡ್ಯಾ?" ಅಂತ ಕೇಳಿದೆ.