ಓಳು, ಟೋಪಿ, ನಾಮ, ಚೊಂಬು: ಯಾವ ಮೋಸಕ್ಕೆ ಯಾವ ಮಾತು

ಗೆಳೆಯ ಹೇಳಿದ ಹಸಿ ಸುಳ್ಳಿಗೆ ‘ಏನ್ ಓಳು ಬಿಡ್ತೀಯೋ’ ಅಂದರೆ ಇಬ್ಬರೂ ನಗುತ್ತಾರೆ. ಅದೇ ಜಾಗದಲ್ಲಿ ‘ಟೋಪಿ ಹಾಕ್ತೀಯಾ’ ಅಂದು ನೋಡಿ, ಮುಖ ಗಂಟಿಕ್ಕುತ್ತಾನೆ. ಹೊಸದಾಗಿ ಕನ್ನಡ ಕಲಿಯುವವರು ಎಡವುವುದು ಇಲ್ಲೇ. ಮೊದಲು ನೋಡಬೇಕಾದದ್ದು ಎದುರಿನವನು ಏನು ಕಳೆದುಕೊಂಡ ಅನ್ನುವುದನ್ನು.

ಏನೂ ಕಳೆದುಕೊಳ್ಳದಿದ್ದರೆ ಅದು ಓಳು, ರೀಲು ಅಥವಾ ಬುರುಡೆ. ಮೂರನ್ನೂ ‘ಬಿಡು’ತ್ತಾರೆ. ಬಿಲ್ಡಪ್ ಮಾತ್ರ ‘ಕೊಡು’ವಂಥದ್ದು, ಅದರೊಳಗೆ ನಿಜವೂ ಇರುತ್ತದೆ. ಮೂವತ್ತು ಸಾವಿರ ಸಂಬಳದವನು ಐವತ್ತು ಅಂದರೆ ಓಳು. ಮೂವತ್ತೇ ಅಂತ ಒಪ್ಪಿಕೊಂಡು, ‘ನಾನಿಲ್ಲ ಅಂದ್ರೆ ಆಫೀಸೇ ನಡೆಯಲ್ಲ’ ಅಂದರೆ ಬಿಲ್ಡಪ್. ಕಾಗೆ ಹಾರಿಸುವುದರಲ್ಲಿ ಜಾರಿಕೊಳ್ಳುವ ಉದ್ದೇಶ ಇರುತ್ತದೆ. ಇನ್ನೂ ಮನೆಯಲ್ಲೇ ಇದ್ದುಕೊಂಡು ಫೋನಿನಲ್ಲಿ ‘ದಾರಿಯಲ್ಲೇ ಇದೀನಿ’ ಅನ್ನುವವನು ಹಾರಿಸುವುದು ಕಾಗೆಯನ್ನೇ. ಕಿವಿಗೆ ಹೂವು ಇಡೋದು ಇದಕ್ಕಿಂತ ಒಂದು ಕೈ ಹೆಚ್ಚು, ಕೇಳುವವನನ್ನು ಪೆದ್ದ ಅಂತ ಲೆಕ್ಕ ಹಾಕಿ ಹೇಳಿದ ಸುಳ್ಳು. ಹಾಗಾಗಿ ಈ ಮಾತು ಹೆಚ್ಚಾಗಿ ಬರುವುದು ಸಿಟ್ಟಿನ ಉತ್ತರವಾಗಿ: ‘ನಾನೇನು ಕಿವಿ ಮೇಲೆ ಹೂವ ಇಟ್ಕೊಂಡಿದೀನಾ?’

ದುಡ್ಡು ಹೋಯಿತೋ, ಆಗ ಟೋಪಿ, ನಾಮ. ಎರಡನ್ನೂ ‘ಹಾಕು’ತ್ತಾರೆ, ಮೋಸ ಹೋದವನಿಗೆ ‘ಗೆ’ ಸೇರುತ್ತದೆ: ‘ಅವನಿಗೆ ಟೋಪಿ ಹಾಕಿದ.’ ಧಾರವಾಡದ ಕಡೆ ‘ಟೊಪಗಿ ಹಾಕ್ಯಾನ’. ಯಾಮಾರಿಸುವುದಾದರೆ ‘ಅವನನ್ನ ಯಾಮಾರಿಸಿದ’. ಸಿಹಿ ಮಾತಾಡಿ, ನೋಯದ ಹಾಗೆ ದೋಚಿದರೆ ಅದು ಮಕ್ಮಲ್ ಟೋಪಿ. ಮೊತ್ತ ದೊಡ್ಡದಾದರೆ ಪತ್ರಿಕೆಗಳ ತಲೆಬರಹದಲ್ಲಿ ‘ಪಂಗನಾಮ’ ಬರುತ್ತದೆ. ನಾಮ ನಿಜವಾಗಿ ಹಣೆಯ ಮೇಲಿನ ಪವಿತ್ರ ಗುರುತು. ಅದನ್ನು ಶ್ರದ್ಧೆಯಿಂದ ಇಟ್ಟುಕೊಳ್ಳುವ ಹಿರಿಯರ ಮುಂದೆ ಈ ಮಾತು ಆಡದಿರುವುದು ಮರ್ಯಾದೆ. ಅಲ್ಲಿ ‘ಮೋಸ ಮಾಡಿದ’ ಅಂದರೆ ಸಾಕು.

ಚಳ್ಳೆಹಣ್ಣು ತಿನ್ನಿಸುವುದರಲ್ಲಿ ದುಡ್ಡಿನ ವಿಚಾರ ಇಲ್ಲ, ಅದು ಹಿಡಿಯಲು ಬಂದವರಿಂದ ತಪ್ಪಿಸಿಕೊಳ್ಳುವುದು. ‘ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ’ ಎಂಬ ಸುದ್ದಿ ಓದದವರು ಕಡಿಮೆ. ಚಳ್ಳೆಹಣ್ಣಿನ ತಿರುಳು ಲೋಳೆಲೋಳೆಯಾಗಿ ಗೋಂದಿನಂತೆ ಅಂಟುತ್ತದೆ, ಕಾಗದ ಅಂಟಿಸಲೂ ಬಳಸುತ್ತಿದ್ದರು. ಅಂಥದ್ದನ್ನು ಬಾಯಿಗೆ ಹಾಕಿಕೊಂಡವರ ಪಾಡು ಊಹಿಸಿಕೊಂಡರೆ ಈ ಮಾತಿನ ಸೊಗಸು ಗೊತ್ತಾಗುತ್ತದೆ. ಸಾಲ ಕೊಟ್ಟ ಗೆಳೆಯನ ಕಣ್ಣು ತಪ್ಪಿಸಿ ಓಡಾಡಿದರೂ ಇದೇ ಮಾತು ಒಪ್ಪುತ್ತದೆ.

ಚೊಂಬು, ಚಿಪ್ಪು ಇವು ನಿರೀಕ್ಷೆ ಸುಳ್ಳಾದವನ ಕೈಯಲ್ಲಿ ಉಳಿಯುವ ವಸ್ತುಗಳು. ‘ಬೋನಸ್ ಬರುತ್ತೆ ಅಂದಿದ್ರು, ಕೊನೆಗೆ ಚೊಂಬು.’ ಯಾರೂ ಏನೂ ಕದ್ದಿಲ್ಲ, ಬರಬೇಕಾದದ್ದು ಬರಲಿಲ್ಲ ಅಷ್ಟೇ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯ ಕಾಂಗ್ರೆಸ್ ಕೇಂದ್ರ ಸರ್ಕಾರದ ವಿರುದ್ಧ ಪತ್ರಿಕೆಗಳಿಗೆ ಚೊಂಬಿನ ಚಿತ್ರದ ಜಾಹೀರಾತು ಕೊಟ್ಟಾಗ ಯಾರಿಗೂ ವಿವರಣೆ ಬೇಕಾಗಲಿಲ್ಲ.

ಇನ್ನು ‘ಕೈ’. ಕೈ ಕೊಡುವುದಕ್ಕೆ ಮನುಷ್ಯನೇ ಬೇಕೆಂದಿಲ್ಲ. ಮಳೆ ಕೈ ಕೊಡುತ್ತದೆ, ಗಾಡಿ ಕೈ ಕೊಡುತ್ತದೆ, ಮದುವೆ ದಿನ ಕರೆಂಟು ಕೈ ಕೊಡುತ್ತದೆ. ನಂಬಿಕೊಂಡಿದ್ದದ್ದು ಹೊತ್ತಿಗೆ ಒದಗಲಿಲ್ಲ ಅಂತ ಅರ್ಥ, ಮೋಸವೇ ಆಗಬೇಕಿಲ್ಲ. ಕೈ ಎತ್ತುವುದು ಮಾತ್ರ ಮನುಷ್ಯರ ಕೆಲಸ, ‘ಇನ್ನು ನನ್ನಿಂದಾಗದು’ ಅಂತ ಹೇಳಿಬಿಡುವುದು. ಚೀಟಿ ನಡೆಸುವವನ ವಿಷಯದಲ್ಲಿ ಈ ಫರಕು ಗೊತ್ತಿರಬೇಕು. ‘ಕೈ ಎತ್ತಿದ’ ಅಂದರೆ ಅವನು ಇನ್ನೂ ಊರಲ್ಲೇ ಇದ್ದಾನೆ, ಕೂತು ಮಾತಾಡಬಹುದು. ‘ನಾಮ ಹಾಕಿದ’ ಅಂತ ಕಿವಿಗೆ ಬಿತ್ತೋ, ಕಟ್ಟಿದ ಕಂತುಗಳ ರಸೀದಿ ಹುಡುಕಿಕೊಂಡು ಠಾಣೆಗೆ ಹೋಗಿ.