ಸಾಕ್ಷಿಕಟ್ಟೆ ಹತ್ತದೇ ಮುಗಿದ ಕೇಸು

ಶಿರಸಿ ಕೋರ್ಟಿನಲ್ಲಿ ಅಪ್ಪಯ್ಯನ ಬೇಲಿ ಕೇಸು ಹನ್ನೊಂದು ವರ್ಷ ನಡೆದಿತ್ತು. ಇಲ್ಲಿ ಅಮೆರಿಕದ ಒಹಾಯೊದಲ್ಲಿ ನನ್ನದು ಒಂದೂವರೆ ವರ್ಷಕ್ಕೇ ಮುಗಿಯಿತು, ಅದೂ ನಾನು ಜಡ್ಜ್ ಮುಖ ನೋಡದೆ. ಗೆದ್ದೆ ಅಂದುಕೊಳ್ಳಬೇಡಿ, ಸೋತೆ.

ಒಂದು ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಹಿಮದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಡಿಕೆ ಮರದ ಸಂಕ ದಾಟಿ ಶಾಲೆಗೆ ಹೋದವನು, ಅಲ್ಲಿ ಬೀಳಲಿಲ್ಲ, ಇಲ್ಲಿ ಬಿದ್ದೆ. ಪರಿಹಾರಕ್ಕೆ ದಾವೆ ಹಾಕಿದೆ, ಜ್ಯೂರಿ (ತೀರ್ಮಾನ ಹೇಳಲು ಕೂರಿಸುವ ಸಾಮಾನ್ಯ ಜನ) ಎದುರು ಹೇಳುವುದನ್ನೆಲ್ಲ ಮನಸ್ಸಿನಲ್ಲೇ ರೆಡಿ ಮಾಡಿಕೊಂಡೆ.

ಅದಕ್ಕೂ ಮೊದಲು ಡೆಪೊಸಿಷನ್. ವಕೀಲರ ಆಫೀಸಿನಲ್ಲೇ ಪ್ರಮಾಣ ಮಾಡಿಸಿ, ಎದುರು ಪಕ್ಷದವರು ಪ್ರಶ್ನೆ ಕೇಳುತ್ತಾರೆ, ಒಂದಕ್ಷರ ಬಿಡದೆ ದಾಖಲೆಯಾಗುತ್ತದೆ. ರಾತ್ರಿಯಿಡೀ ಹಿಮ ಬಿದ್ದಿತ್ತಾ? ಹೌದು. ನೆಲ ಬೆಳ್ಳಗಿದ್ದದ್ದು ಕಂಡಿತ್ತಾ? ಕಂಡಿತ್ತು. ಕೇಸು ಅಲ್ಲೇ ಮುಗಿದಿತ್ತು, ನನಗೆ ಗೊತ್ತಾಗಿದ್ದು ಆಮೇಲೆ.

ಅಂಗಡಿಯವರು ಸಮ್ಮರಿ ಜಡ್ಜ್‌ಮೆಂಟ್, ಅಂದರೆ ಪೂರ್ತಿ ವಿಚಾರಣೆ ಇಲ್ಲದೆಯೇ ತೀರ್ಪು, ಕೇಳಿದರು. ನಡೆದದ್ದರ ಬಗ್ಗೆ ಇಬ್ಬರಿಗೂ ತಕರಾರಿಲ್ಲ, ಉಳಿದಿದ್ದು ಕಾನೂನಿನ ಪ್ರಶ್ನೆ ಮಾತ್ರ, ಜ್ಯೂರಿ ಯಾಕೆ ಬೇಕು ಅಂತ. ಒಹಾಯೊದ ಹಳೇ ನಿಯಮ ಹೀಗಿದೆ: ತಾನಾಗಿ ಬಿದ್ದ ಹಿಮಕ್ಕೆ ಜಾಗದವರು ಸಾಮಾನ್ಯವಾಗಿ ಹೊಣೆಯಲ್ಲ. ಒಡೆದ ಪೈಪಿನ ನೀರು ಹರಿದು ಹೆಪ್ಪುಗಟ್ಟಿದ್ದರೆ ಮಾತು ಬೇರೆ. ಸುಮ್ನೆ 'ಹಾಗಿದ್ದಿರಬಹುದು' ಅಂದರೆ ಸಾಲದು, ಫೋಟೊನೋ ಅಫಿಡವಿಟ್ಟೋ ಏನಾದರೂ ಕೊಡಬೇಕು. ಈ ಹಂತದಲ್ಲಿ ಜಡ್ಜ್ ಯಾರ ಮಾತು ನಿಜ ಅಂತ ತೂಗುವ ಹಾಗಿಲ್ಲ, ಅನುಮಾನ ಬಂದರೆ ನನ್ನ ಕಡೆಗೇ ವಾಲಿ ನೋಡಬೇಕು. ಆದರೆ ಅನುಮಾನ ಬರುವಂಥದ್ದನ್ನು ನಾನು ಕೊಟ್ಟಿದ್ದರೆ ತಾನೇ?

“ಅದೆಂತದೋ ತಮಾ, ಸಾಕ್ಷಿಕಟ್ಟೆ ಹತ್ತದೇ ತೀರ್ಪಾ?” ಅಪ್ಪಯ್ಯನಿಗೆ ನಂಬಿಕೆಯೇ ಬರಲಿಲ್ಲ. ಅವರ ಕೇಸಿನಲ್ಲಿ ಗಡಿಯ ಹಳೇ ಅಗಳ ಎಲ್ಲಿತ್ತು ಎನ್ನುವುದೇ ಜಗಳ, ನಾಲ್ಕು ಸಾಕ್ಷಿ ನಾಲ್ಕು ಕಡೆ ತೋರಿಸಿದ್ದರು. ಅಂಥದ್ದಕ್ಕೆ ಪೂರ್ತಿ ವಿಚಾರಣೆಯೇ ಆಗಬೇಕು. ಹಾಗಂತ ನಮ್ಮಲ್ಲಿ ಹತ್ತಿರದ ದಾರಿ ಇಲ್ಲ ಅಂತಲ್ಲ. ಚೆಕ್, ಪ್ರೊನೋಟಿನ ದಾವೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆರ್ಡರ್ ಕೆಳಗೆ ಹಾಕಿದರೆ, ಪ್ರತಿವಾದಿ ಕೋರ್ಟಿನ ಅನುಮತಿ ಪಡೆದೇ ವಾದಿಸಬೇಕು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದ ಮೇಲೆ ನಿಗದಿತ ಮೊತ್ತ ದಾಟಿದ ವ್ಯಾಪಾರದ ವ್ಯಾಜ್ಯಗಳಲ್ಲಿ ಸಮ್ಮರಿ ಜಡ್ಜ್‌ಮೆಂಟೂ ಕೇಳಬಹುದು. ಬೇಲಿ ಜಗಳಕ್ಕೆ ಆ ಭಾಗ್ಯವಿಲ್ಲ.

ಎಲ್ಲ ಕೇಳಿಸಿಕೊಂಡು ಅಪ್ಪಯ್ಯ, “ಹಿಮ ನೋಡಿದ್ದೇ ಇಲ್ಲೆ ಅಂದಿದ್ರೆ ಆಗಿತ್ತು!” ಎಂದರು. ಹನ್ನೊಂದು ವರ್ಷದ ಅನುಭವ, ಅಲ್ವಾ? ಆದರೆ ಆ ರಾತ್ರಿ ಎಷ್ಟು ಇಂಚು ಹಿಮ ಬಿತ್ತು ಎನ್ನುವ ಹವಾಮಾನ ಇಲಾಖೆಯ ಲೆಕ್ಕ ಆಗಲೇ ಫೈಲಿನಲ್ಲಿತ್ತು.