ಹಿಂದಿಯೋ, ಇಂಗ್ಲಿಷೋ ಎಂದು ಕೇಳುವವರಿಗೆ

ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಿ, ಲೆಕ್ಕ ಮುಗಿಸಿ, ಮಧ್ಯಾಹ್ನದ ಆಟಕ್ಕೆ ಹೋಗಿ, ರಾತ್ರಿಯ ಬಸ್ಸಿಗೆ ತೀರ್ಥಹಳ್ಳಿ ಕಡೆಗೆ ಮರಳುವುದು ನನ್ನ ಹಲವು ವರ್ಷಗಳ ಅಭ್ಯಾಸ. ಮಂಡಿಗೆ ಕೆಲಸವಿಲ್ಲದಿದ್ದರೂ ಒಳ್ಳೆಯ ಸಿನಿಮಾ ಬಂದಿದೆಯೆಂದರೆ ಹೊರಟುಬಿಡುತ್ತೇನೆ. ಹಾಗಾಗಿ ಬಸ್ಸಿನಲ್ಲಿ, ಸೊಸೈಟಿಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಎಲ್ಲ ಕಡೆಯೂ ಒಂದೇ ಪ್ರಶ್ನೆ: "ಇಷ್ಟೊಂದು ನೋಡುತ್ತೀರಲ್ಲ, ಈಗ ಹಿಂದಿ ಸಿನಿಮಾ ಚೆನ್ನಾಗಿದೆಯೋ, ಇಂಗ್ಲಿಷ್ ಸಿನಿಮಾ ಚೆನ್ನಾಗಿದೆಯೋ?" ನಿಂತಲ್ಲೇ ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಿನಿಮಾ ಹಿಂದಿಯದೋ ಇಂಗ್ಲಿಷಿನದೋ ಎಂದು ನಾನು ಅಳೆಯುವುದಿಲ್ಲ. ಅದು ನನ್ನ ಕಿವಿಯನ್ನು ಹೇಗೆ ನಡೆಸಿಕೊಂಡಿತು ಎಂದು ಅಳೆಯುತ್ತೇನೆ. ಇದು ನಮ್ಮ ಮನೆಯ ಅಂಗಳದಲ್ಲಿ ಬಂದ ಗುಣ. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿಯಿಡೀ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವಾಗ ಕಣ್ಣು ಕತ್ತಿಯ ಅಲಗಿನ ಮೇಲೇ ಇರಬೇಕು, ತಪ್ಪಿದರೆ ಬೆರಳು ಹೋಗುತ್ತದೆ. ಕಥೆಯೆಲ್ಲ ಕಿವಿಗೆ ಮಾತ್ರ. ಯಾರೋ ತಾಳಮದ್ದಳೆಯ ಅರ್ಥ ಹೇಳುತ್ತಿದ್ದರು, ಯಾರೋ ಹಳೆಯ ಜಗಳವನ್ನು ನೆನೆಯುತ್ತಿದ್ದರು. ಹೇಳುವವರು ಎಲ್ಲಿ ಸುಮ್ಮನಾಗುತ್ತಿದ್ದರೋ ಅಲ್ಲಿ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು.

"ಓಪನ್‌ಹೈಮರ್" ಬಿಡುಗಡೆಯಾದದ್ದು 2023ರ ಜುಲೈ 21ರಂದು. ನಮ್ಮಲ್ಲಿ ಪುಷ್ಯ ಮಳೆ. ಮೂರು ಗಂಟೆಯ ಸಿನಿಮಾ, ಬಹುಪಾಲು ಕೋಣೆಯೊಳಗಿನ ಮಾತು. ಕ್ರಿಸ್ಟೋಫರ್ ನೋಲನ್ ಇದನ್ನು ಭಾರಿ ಪರದೆಗೆಂದೇ ಇರುವ ಐಮ್ಯಾಕ್ಸ್ ಫಿಲ್ಮಿನಲ್ಲಿ ಚಿತ್ರಿಸಿದ್ದರೂ ನಮಗೆ ಸಿಕ್ಕಿದ್ದು ಸಾಮಾನ್ಯ ಪರದೆ. ಅದರಿಂದ ನನಗೇನೂ ಕಳೆದುಹೋದಂತೆ ಅನ್ನಿಸಲಿಲ್ಲ. 1945ರ ಜುಲೈ 16ರ ಬೆಳಗಿನ ಜಾವ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಅಣುಬಾಂಬು ಸಿಡಿಯುತ್ತದೆ. ಪರದೆಯ ತುಂಬ ಬೆಂಕಿ, ಆದರೆ ಸದ್ದಿಲ್ಲ. ಬರೀ ಉಸಿರಾಟ ಕೇಳುತ್ತದೆ. ಸದ್ದು ಇನ್ನೂ ದಾರಿಯಲ್ಲಿದೆ. ಬೆಳಕು ತಕ್ಷಣ ತಲುಪಿಬಿಡುತ್ತದೆ, ಸದ್ದಿಗೆ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮಲೆನಾಡಿನ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಿಂಚು ಕಂಡೊಡನೆ ಜಗಲಿಯಲ್ಲಿ ಕುಳಿತು ಒಂದು, ಎರಡು, ಮೂರು ಎಂದು ಎಣಿಸಿ, ಸಿಡಿಲು ಯಾವ ಗುಡ್ಡದಾಚೆ ಬಿತ್ತೆಂದು ಹೇಳಿದವರು ನಾವು. ಆ ಕತ್ತಲಲ್ಲಿ ನಾನು ಎಣಿಸತೊಡಗಿದ್ದೆ. ಸದ್ದು ಬಂದು ಬಡಿದಾಗ ಪಕ್ಕದ ಕುರ್ಚಿಯ ಹುಡುಗ ಬೆಚ್ಚಿ ನನ್ನ ಮೊಣಕೈ ಹಿಡಿದುಕೊಂಡ.

ಅದೇ ಸಿನಿಮಾದ ಇತರ ಭಾಗಗಳಲ್ಲಿ ಸಂಗೀತ ಬಿಡುವಿಲ್ಲದೆ ಬೆನ್ನಟ್ಟುತ್ತದೆ, ಮುಖ್ಯವಾದ ಮಾತುಗಳನ್ನೂ ಮುಳುಗಿಸುತ್ತದೆ. ಅದನ್ನು ನಾನು ಮೆಚ್ಚಲಾರೆ. 2024ರ ಆಸ್ಕರ್‌ನಲ್ಲಿ "ಓಪನ್‌ಹೈಮರ್" ಏಳು ಪ್ರಶಸ್ತಿ ಗೆದ್ದಿತು, ಆದರೆ ಶಬ್ದದ ಪ್ರಶಸ್ತಿ ಅದಕ್ಕೆ ಬರಲಿಲ್ಲ. ಅದು ಹೋದದ್ದು "ದ ಝೋನ್ ಆಫ್ ಇಂಟರೆಸ್ಟ್"ಗೆ. ಜೊನಾಥನ್ ಗ್ಲೇಜರ್ ನಿರ್ದೇಶನದ, ಜರ್ಮನ್ ಮಾತಿನ ಆ ಸಿನಿಮಾ ಹಾಲಿವುಡ್ಡಿನದಲ್ಲ. ಆದರೂ ಇಲ್ಲಿ ಹೇಳಲೇಬೇಕು. ನಾಜಿಗಳ ಔಷ್ವಿಟ್ಜ್ ಹತ್ಯಾಶಿಬಿರದ ಅಧಿಕಾರಿಯ ಮನೆ, ಹೆಂಡತಿ ಬೆಳೆಸಿದ ಹೂದೋಟ, ಆಟವಾಡುವ ಮಕ್ಕಳು. ಗೋಡೆಯಾಚೆ ನಡೆಯುವ ಕೊಲೆಯನ್ನು ಒಮ್ಮೆಯೂ ತೋರಿಸುವುದಿಲ್ಲ, ಕೇಳಿಸುತ್ತಾರೆ. ಗುಂಡಿನ ಸದ್ದು, ದೂರದ ಚೀತ್ಕಾರ, ಕುಲುಮೆಯ ಗುಮ್ಮೆನ್ನುವ ಮೊರೆತ. ಮನೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೋಡಿದೆ. ಮರುದಿನ ತೋಟದಲ್ಲಿ ಯಾರದೋ ಯಂತ್ರದ ಸದ್ದು ಕೇಳಿದಾಗಲೂ ಮನಸ್ಸು ಅಲ್ಲಿಗೇ ಹೋಗುತ್ತಿತ್ತು.

ಹಾಗಾದರೆ ಹಿಂದಿಯವರಿಗೆ ಇದು ಬರುವುದಿಲ್ಲವೇ? ಚೆನ್ನಾಗಿಯೇ ಬರುತ್ತದೆ. ಆದರೆ ಅವರ ದೊಡ್ಡ ಸಿನಿಮಾಗಳು ನಮ್ಮನ್ನು ನಂಬುವುದಿಲ್ಲ ಎನ್ನುವುದು ನನ್ನ ದೂರು. 2023ರ ಡಿಸೆಂಬರಿನಲ್ಲಿ ಬಂದ "ಅನಿಮಲ್" ಮೂರು ಗಂಟೆ ಇಪ್ಪತ್ತೊಂದು ನಿಮಿಷದ್ದು. ತಂದೆಯ ಒಂದು ಒಳ್ಳೆಯ ಮಾತಿಗಾಗಿ ಹಂಬಲಿಸುವ ಮಗನ ಕಥೆ ಅದರೊಳಗಿದೆ, ಅದು ನಿಜವಾದ ಕಥೆ. ತಂದೆ ಮಗನಂತೆ, ಮಗ ತಂದೆಯಂತೆ ನಟಿಸುವ ಒಂದು ದೃಶ್ಯದಲ್ಲಿ ಅದು ಕಣ್ಣಿಗೆ ಬೀಳುತ್ತದೆ. ಉಳಿದಂತೆ ಕೊಡಲಿ, ಬಂದೂಕು, ಅಬ್ಬರ. ಹೆಂಗಸರನ್ನು ಕುರಿತ ಅದರ ಮಾತುಗಳು ನನಗೆ ಅಸಹ್ಯ ತಂದವು. ಹೊರಬಂದಾಗ ಕಿವಿ ಗುಂಯ್‌ಗುಡುತ್ತಿತ್ತು, ಮನಸ್ಸು ಬರಿದಾಗಿತ್ತು.

ಅದಕ್ಕೆ ಒಂದು ತಿಂಗಳು ಮೊದಲು ಬಂದ "ಟ್ವೆಲ್ತ್ ಫೇಲ್" ನೋಡಿ. ಚಂಬಲ್ ಕಣಿವೆಯ ಬಡ ಹುಡುಗನೊಬ್ಬ ದೆಹಲಿಯ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತ ಐಪಿಎಸ್ ಪರೀಕ್ಷೆಗೆ ಓದುತ್ತಾನೆ. ಮೈಗೆಲ್ಲ ಹಿಟ್ಟು, ಪುಸ್ತಕದ ಮೇಲೂ ಹಿಟ್ಟು. ವಿಕ್ರಾಂತ್ ಮಾಸ್ಸೀ ಆ ದಣಿವನ್ನು ಬೆನ್ನಿನಲ್ಲೂ ಭುಜದಲ್ಲೂ ತೋರಿಸಿದ್ದಾರೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ನಮ್ಮ ಮನೆಯವರಿಗೆ ಬಂದಷ್ಟು ಸಂತೋಷಪಟ್ಟೆ.

ಭಾಷೆ ಬಾರದಿದ್ದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ನಮ್ಮ ಜಿಲ್ಲೆಯ ಹೆಗ್ಗೋಡಿನಲ್ಲಿ, ಹೊರಗಿನ ಸಿನಿಮಾಗಳನ್ನು ಊರವರಿಗೆ ತೋರಿಸುವ ನೀನಾಸಂ ಚಿತ್ರಸಮಾಜ 1973ರಲ್ಲಿ ಶುರುವಾಯಿತು. ಜಪಾನಿನದು, ಸ್ವೀಡನ್ನಿನದು, ರಷ್ಯಾದ್ದು ಎಂದು ಭೇದವಿಲ್ಲದೆ ತೋಟದ ಕೆಲಸ ಮುಗಿಸಿ ಬಂದವರು ನೋಡಿದ್ದಾರೆ. ನಮ್ಮ ಸೀಮೆಯವರು ಇಂಥ ಅನುಮಾನ ಇಟ್ಟುಕೊಳ್ಳಬಾರದು.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಕಿರಣ್ ರಾವ್ ಅವರ "ಲಾಪತಾ ಲೇಡೀಸ್", 2024ರ ಮಾರ್ಚ್ 1ರಂದು ಬಂದದ್ದು. ಇಬ್ಬರು ಹೊಸ ಮದುಮಗಳಂದಿರು, ಒಂದೇ ರೈಲು, ಒಂದೇ ಬಗೆಯ ಕೆಂಪು ಸೆರಗಿನ ಮುಸುಕು. ರಾತ್ರಿಯ ಗಡಿಬಿಡಿಯಲ್ಲಿ ದೀಪಕ್ ತನ್ನ ಹೆಂಡತಿಯ ಬದಲು ಇನ್ನೊಬ್ಬಳನ್ನು ಇಳಿಸಿಕೊಂಡು ಹೋಗುತ್ತಾನೆ. ಅವನ ಹೆಂಡತಿ ಫೂಲ್ ಗೊತ್ತಿಲ್ಲದ ನಿಲ್ದಾಣದಲ್ಲಿ ಉಳಿಯುತ್ತಾಳೆ. ಗಂಡನ ಊರು ಅವಳಿಗೆ ತಿಳಿಯದು, ಗಂಡನ ಹೆಸರನ್ನು ಅವಳ ಬಾಯಿ ಹೇಳದು. ಅಲ್ಲಿ ಚಹಾದಂಗಡಿ ಇಟ್ಟ ಮಂಜು ಮಾಯಿ ಅವಳಿಗೆ ಕೆಲಸ ಕೊಡುತ್ತಾಳೆ, ದುಡಿದ ಹಣ ಕೈಗಿಡುತ್ತಾಳೆ.

ಆ ವರ್ಷದ ಕೊಯ್ಲಿನಲ್ಲಿ ಅಮ್ಮನ ಪಕ್ಕ ಅಡಿಕೆ ಚೀಲಕ್ಕೆ ಮೊಬೈಲ್ ಒರಗಿಸಿ ಇದನ್ನು ಹಾಕಿದ್ದೆ. ಅಮ್ಮನಿಗೆ ಹಿಂದಿ ಬಾರದು. ನಾನು ಕನ್ನಡದಲ್ಲಿ ಹೇಳುತ್ತ ಹೋದೆ, ಅವಳು ಅಲಗಿನಿಂದ ಕಣ್ಣೆತ್ತದೆ ಹೂಂಗುಟ್ಟುತ್ತ ಸುಲಿಯುತ್ತಿದ್ದಳು. ಮದುವೆಯಾದಂದಿನಿಂದ ಅವಳಿಗೆ ಅಪ್ಪ ಎಂದರೆ "ಇವರು", ಹೊರಗಿನವರ ಮುಂದೆ "ನಮ್ಮ ಮನೆಯವರು". ಕೊನೆಗೆ ನಿಲ್ದಾಣದಲ್ಲಿ ಫೂಲ್ ಗಂಡನನ್ನು ದೂರದಿಂದ ಕಂಡು, ಮೊದಲ ಬಾರಿಗೆ ಅವನ ಹೆಸರು ಹಿಡಿದು ಕೂಗಿದಳು. ನಾನು ಏನೂ ಹೇಳಲಿಲ್ಲ, ಹೇಳಬೇಕಾಗಿರಲಿಲ್ಲ.

ಮೆಟ್ಟುಗತ್ತಿಯ ಸದ್ದು ನಿಂತಿತು. ಅಮ್ಮ ಕೈಯಲ್ಲಿದ್ದ ಅಡಿಕೆಯನ್ನು ಬುಟ್ಟಿಗೆ ಹಾಕಿ, "ಆ ಹುಡುಗಿ ಕೂಗಿದ್ದನ್ನು ಇನ್ನೊಂದು ಸಲ ಹಾಕು" ಎಂದಳು.